ಕಾರಿನ ಚಾರ್ಜಿಂಗ್ ಸಾಕೆಟ್ ನಿಂತುಹೋಗಿದೆ, ಫ್ಯೂಸ್ ಬದಲಿಸಿದರೆ ಸಾಕಾ?

ಟೈರಿಗೆ ಗಾಳಿ ತುಂಬುವ ಪಂಪ್ ಹಾಕಿದ ಎರಡೇ ನಿಮಿಷಕ್ಕೆ ಸಾಕೆಟ್ ನಿಂತುಹೋಯಿತು, ಈಗ ಮೊಬೈಲ್ ಕೂಡ ಚಾರ್ಜ್ ಆಗುತ್ತಿಲ್ಲ, ಗ್ಯಾರೇಜಿನಲ್ಲಿ ಪೂರ್ತಿ ವೈರಿಂಗ್ ನೋಡಬೇಕು ಅಂತಿದ್ದಾರೆ ಎಂದು ಬರೆದಿದ್ದೀರಿ. ನೀವು ಹೇಳಿದ್ದನ್ನು ನೋಡಿದರೆ ಹೆಚ್ಚುಕಮ್ಮಿ ಫ್ಯೂಸೇ ಹೋಗಿರಬೇಕು. ಡ್ಯಾಶ್‌ಬೋರ್ಡ್ ಬಿಚ್ಚಿಸುವ ಮೊದಲು ಅರ್ಧ ಗಂಟೆ ನೀವೇ ನೋಡಿ. ಆದರೆ ಫ್ಯೂಸ್ ಯಾಕೆ ಹೋಯಿತು ಅಂತ ಗೊತ್ತಾಗದೆ ಹೊಸದನ್ನು ಹಾಕಬೇಡಿ.

ನನಗೆ ಇದನ್ನು ಕಲಿಸಿದ್ದು ಒಂದು ರೂಪಾಯಿ ನಾಣ್ಯ. ಹಾಸನದಿಂದ ಸಕಲೇಶಪುರಕ್ಕೆ ಹೋಗುವಾಗ ನಮ್ಮ ಕಾರಿನ ಸಾಕೆಟ್ ಹೀಗೇ ನಿಂತಿತು. ಫ್ಯೂಸ್ ಬದಲಿಸಿದೆ. ಕೀ ತಿರುಗಿಸಿದ ಕೂಡಲೇ ಅದೂ ಹೋಯಿತು. ಇನ್ನೊಂದು ಹಾಕುವ ಮೊದಲು ಮೊಬೈಲ್ ಟಾರ್ಚ್ ಹಿಡಿದು ಒಳಗೆ ನೋಡಿದೆ. ತಳದಲ್ಲಿ ನಾಣ್ಯ ಕೂತಿತ್ತು! ಈಗಿನ ಹೊಸ ಒಂದು ರೂಪಾಯಿ 20 ಮಿ.ಮೀ. ಅಗಲ, ಸಾಕೆಟ್ ಬಾಯಿ ಸುಮಾರು 21 ಮಿ.ಮೀ. ಅಳತೆ ಕೊಟ್ಟು ಮಾಡಿಸಿದ ಹಾಗೆ ಒಳಗೆ ಇಳಿದಿತ್ತು. ಸಾಕೆಟ್ಟಿನ ನಡುವಿನ ಬಿಂದು ಪಾಸಿಟಿವ್, ಸುತ್ತಲಿನ ಗೋಡೆ ನೆಗೆಟಿವ್. ನಾಣ್ಯ ಎರಡಕ್ಕೂ ತಾಗಿತ್ತು. ಗೇರ್ ಪಕ್ಕದಲ್ಲಿ ಚಿಲ್ಲರೆ ಇಡುವ ಅಭ್ಯಾಸ ನಿಮಗೂ ಇದ್ದರೆ ಮೊದಲು ಟಾರ್ಚ್ ಹಾಕಿ ನೋಡಿ. ಚಾಕಲೇಟ್ ಸುತ್ತಿದ ಬೆಳ್ಳಿ ಹಾಳೆಯ ಚೂರು ಬಿದ್ದರೂ ಇದೇ ಗತಿ. ಕೀ ಆಫ್ ಮಾಡಿ, ಫ್ಯೂಸ್ ಕಿತ್ತಿಟ್ಟು, ಆಮೇಲೆ ಮರದ ಕಡ್ಡಿಯಿಂದ ತೆಗೆಯಿರಿ. ಸ್ಕ್ರೂಡ್ರೈವರ್ ಹಾಕಬೇಡಿ.

ಒಳಗೆ ಏನೂ ಇಲ್ಲ ಅಂದರೆ ಫ್ಯೂಸ್ ಬಾಕ್ಸಿಗೆ ಬನ್ನಿ. ಸಾಮಾನ್ಯವಾಗಿ ಸ್ಟೀರಿಂಗ್ ಕೆಳಗೆ ಒಂದು, ಬಾನೆಟ್ ಒಳಗೆ ಒಂದು ಇರುತ್ತದೆ. ಮುಚ್ಚಳದ ಹಿಂದೆ ಅಥವಾ ಕಾರಿನ ಪುಸ್ತಕದಲ್ಲಿ ಪಟ್ಟಿ ಇರುತ್ತದೆ. ಅದರಲ್ಲಿ ಪವರ್ ಔಟ್‌ಲೆಟ್, ಸಿಗಾರ್ ಅಥವಾ ಎಸಿಸಿ ಸಾಕೆಟ್ ಅಂತ ಬರೆದದ್ದನ್ನು ಹುಡುಕಿ. ಎಷ್ಟೋ ಕಾರುಗಳಲ್ಲಿ ಬಾಕ್ಸ್ ಒಳಗೇ ಚಿಕ್ಕ ಪ್ಲಾಸ್ಟಿಕ್ ಚಿಮಟ ಸಿಕ್ಕಿಸಿರುತ್ತಾರೆ. ಅದರಿಂದ ಹಿಡಿದು ನೇರ ಎಳೆಯಿರಿ, ಬೆಳಕಿಗೆ ಹಿಡಿಯಿರಿ. ಬಣ್ಣದ ಪ್ಲಾಸ್ಟಿಕ್ ಒಳಗೆ ಬಾಗಿದ ತೆಳು ಲೋಹದ ಎಳೆ ಕಾಣುತ್ತದೆ. ನಡುವೆ ತುಂಡಾಗಿದ್ದರೆ, ಅಥವಾ ಅಲ್ಲಿ ಕಪ್ಪಗೆ ಮಸಿ ಹಿಡಿದಿದ್ದರೆ, ಅದು ಸುಟ್ಟಿದೆ.

ಹೊಸದನ್ನು ಅದೇ ಬಣ್ಣದ್ದು, ಅದೇ ಸೈಜಿನದು ತನ್ನಿ. ಕೆಂಪು ಅಂದರೆ 10 ಆಂಪ್, ನೀಲಿ 15, ಹಳದಿ 20. "ಪದೇ ಪದೇ ಹೋಗುತ್ತೆ, ಒಂದು ಸೈಜ್ ಜಾಸ್ತಿ ಹಾಕಿ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಆ ವೈರ್ ತಾಳುವಷ್ಟು ಕರೆಂಟಿಗೆ ಲೆಕ್ಕ ಹಾಕಿಯೇ ಫ್ಯೂಸ್ ಇಟ್ಟಿರುತ್ತಾರೆ. ಫ್ಯೂಸ್ ಸುಡದಿದ್ದರೆ ಡ್ಯಾಶ್‌ಬೋರ್ಡ್ ಹಿಂದೆ ನಮಗೆ ಕಾಣದ ಕಡೆ ವೈರ್ ಕಾಯುತ್ತದೆ. ನಮ್ಮ ಪಕ್ಕದ ಮನೆಯವರ ಕಾರಿನಲ್ಲಿ ಫ್ಯೂಸ್ ಬದಲು ತಾಮ್ರದ ತಂತಿ ಸುತ್ತಿ ಕೊಟ್ಟಿದ್ದರು. ಸಾಕೆಟ್ ಹಿಂದಿನ ಪ್ಲಾಸ್ಟಿಕ್ ಕರಗಿ ಮೇಣದ ಹಾಗೆ ಇಳಿದಿದ್ದನ್ನು ನಾನೇ ನೋಡಿದ್ದೇನೆ. ಕಾರಿನಲ್ಲಿ ಮಕ್ಕಳು ಕೂತಿರುತ್ತಾರೆ, ಅಲ್ವಾ?

ಈಗ ನಿಮ್ಮ ಪಂಪಿನ ವಿಷಯ. ಅದರ ಮೇಲೆ ಎಷ್ಟು ಆಂಪ್ ಅಂತ ಬರೆದಿರುತ್ತದೆ. ಸಾಕೆಟ್ ಮುಚ್ಚಳದ ಮೇಲೆ 120 ವ್ಯಾಟ್ ಅಂತಿದ್ದರೆ, 12 ವೋಲ್ಟಿಗೆ ಅದು 10 ಆಂಪ್ ಅಷ್ಟೇ. ಪಂಪ್ 14–15 ಆಂಪ್ ಎಳೆಯುವಂಥದ್ದಾದರೆ ಹೊಸ ಫ್ಯೂಸೂ ಉಳಿಯುವುದಿಲ್ಲ. ಅಂಥ ಪಂಪುಗಳಿಗೆ ನೇರವಾಗಿ ಬ್ಯಾಟರಿಗೆ ಸಿಕ್ಕಿಸುವ ಕ್ಲಿಪ್ಪಿನ ವೈರ್ ಬರುತ್ತದೆ, ಅದನ್ನೇ ಬಳಸಿ.

ಫ್ಯೂಸ್ ಸರಿಯಾಗೇ ಇದ್ದರೆ ಮಲ್ಟಿಮೀಟರ್ ಬೇಕು. ಮನೆಯಲ್ಲಿರುವ ದೀಪದ ಟೆಸ್ಟರ್ 12 ವೋಲ್ಟಿಗೆ ಉರಿಯುವುದಿಲ್ಲ, ಅದನ್ನು ನಂಬಿ ಕರೆಂಟೇ ಇಲ್ಲ ಅಂದುಕೊಳ್ಳಬೇಡಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ, ಕೀ ಆನ್ ಮಾಡಿ. ಕೆಂಪು ಕಡ್ಡಿ ಸಾಕೆಟ್ಟಿನ ನಡುವಿಗೆ, ಕಪ್ಪು ಕಡ್ಡಿ ಒಳಗೋಡೆಗೆ. ಎರಡೂ ಕಡ್ಡಿ ಒಂದಕ್ಕೊಂದು ತಾಗದ ಹಾಗೆ ನೋಡಿಕೊಳ್ಳಿ. 12ರ ಆಸುಪಾಸು ತೋರಿಸಿದರೆ ಸಾಕೆಟ್ ಚೆನ್ನಾಗಿದೆ, ತೊಂದರೆ ಇರುವುದು ಚಾರ್ಜರಿನಲ್ಲಿ. ಅದರ ತುದಿಯ ಸ್ಪ್ರಿಂಗ್ ಒಳಗೆ ಸಿಕ್ಕಿಕೊಂಡಿರಬಹುದು. ಕೆಲವು ಚಾರ್ಜರುಗಳ ತುದಿ ತಿರುಗಿಸಿ ಬಿಚ್ಚಿದರೆ ಅಲ್ಲೂ ಒಂದು ಗಾಜಿನ ಫ್ಯೂಸ್ ಇರುತ್ತದೆ.

ಏನೂ ತೋರಿಸದಿದ್ದರೆ ಕಪ್ಪು ಕಡ್ಡಿಯನ್ನು ಗೋಡೆ ಬಿಟ್ಟು ಬಾಗಿಲ ಕೀಲಿನ ಬೋಲ್ಟಿಗೆ, ಬಣ್ಣ ಇಲ್ಲದ ಕಡೆ, ಒತ್ತಿ ನೋಡಿ. ಈಗ 12 ಬಂತು ಅಂದರೆ ಪಾಸಿಟಿವ್ ಸರಿಯಿದೆ, ನೆಗೆಟಿವ್ ವೈರ್ ಕಳಚಿದೆ. ಪ್ಲಗ್ಗನ್ನು ಒತ್ತಿ ತಿರುಗಿಸುವ ಅಭ್ಯಾಸ ಇರುವವರ ಕಾರಿನಲ್ಲಿ ಸಾಕೆಟ್ಟೇ ತಿರುಗಿ ಹಿಂದಿನ ಕನೆಕ್ಟರ್ ಸಡಿಲವಾಗಿರುತ್ತದೆ. ಅಷ್ಟು ಹೊತ್ತಿಗೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ, ನೋಡಿದ್ದನ್ನು ಹಾಗೇ ಹೇಳಿ. ಅವರಿಗೆ ಹುಡುಕುವ ಕೆಲಸ ಉಳಿಯುತ್ತದೆ, ನಿಮಗೆ ದುಡ್ಡು. ಹೊಸ ಫ್ಯೂಸ್ ಹಾಕಿದ ಮೇಲೆ, ಏನೂ ಸಿಕ್ಕಿಸದೆಯೇ ಅದು ಸುಟ್ಟರೂ ಅಷ್ಟೇ. ಎಲ್ಲೋ ವೈರ್ ಕಾರಿನ ಲೋಹದ ಮೈಗೆ ತಾಗುತ್ತಿದೆ, ಮತ್ತೆ ಫ್ಯೂಸ್ ಹಾಕದೆ ಅವರಿಗೇ ತೋರಿಸಿ. ಡ್ಯಾಶ್‌ಕ್ಯಾಮ್ ಹಾಕಿಸುವಾಗ ಈ ಸಾಕೆಟ್ಟಿನ ವೈರಿನಿಂದ ಕರೆಂಟ್ ತೆಗೆದುಕೊಂಡಿದ್ದರೆ ಅದನ್ನೂ ಮರೆಯದೆ ಹೇಳಿ.

ಪಂಪಿನ ಮೇಲೆ ಬರೆದ ಆಂಪ್ ಎಷ್ಟು, ಕಿತ್ತ ಫ್ಯೂಸಿನ ಬಣ್ಣ ಯಾವುದು, ಇವೆರಡನ್ನು ಇಲ್ಲಿ ಬರೆಯಿರಿ. ಮುಂದಿನದನ್ನು ನೋಡೋಣ.