ನವೆಂಬರ್ 10ರ ಟಿಕೆಟ್ ಮಾಡುವ ಮುಂಚೆ ದಿನ ಎಣಿಸಿ

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಊರು ಕುಂದಾಪುರ. 2012ರಿಂದ ದುಬೈನಲ್ಲಿ ಕೆಲಸ. ವರ್ಷಕ್ಕೆ ಸುಮಾರು 40 ದಿನ ಊರಿಗೆ ಬಂದು ಹೋಗುತ್ತಿದ್ದೆ. ಈ ವರ್ಷ, 2026ರಲ್ಲಿ, ಅಮ್ಮನ ಆಪರೇಷನ್‌ಗೆ ಅಂತ ಏಪ್ರಿಲ್ 8ರಿಂದ ಮೇ 27ರವರೆಗೆ ಊರಲ್ಲೇ ಇದ್ದೆ. ಈಗ ಕೆಲಸ ಬಿಟ್ಟು ನವೆಂಬರ್ 10ಕ್ಕೆ ಪೂರ್ತಿಯಾಗಿ ವಾಪಸ್ ಬರುವ ಯೋಚನೆ. ಅಕ್ಟೋಬರ್ ದಾಟಿ ಬಂದರೆ ಆ ವರ್ಷ ಎನ್‌ಆರ್‌ಐ ಆಗಿಯೇ ಉಳೀತೀಯ ಅಂತ ಒಬ್ಬ ಗೆಳೆಯ ಹೇಳುತ್ತಾನೆ. 14 ವರ್ಷದ ಉಳಿತಾಯ ತಂದರೆ ಅದಕ್ಕೂ ತೆರಿಗೆ ಅಂತ ಇನ್ನೊಬ್ಬ. ಊರಲ್ಲಿ ಎನ್‌ಆರ್‌ಇ ಎಫ್‌ಡಿ (ಹೊರದೇಶದ ದುಡಿಮೆಯನ್ನು ರೂಪಾಯಿಯಲ್ಲಿ ಇಡುವ ಎನ್‌ಆರ್‌ಐ ಠೇವಣಿ), ಎಫ್‌ಸಿಎನ್‌ಆರ್ ಠೇವಣಿ (ವಿದೇಶಿ ಕರೆನ್ಸಿಯಲ್ಲೇ ಇಡುವಂಥದ್ದು) ಇವೆ, ತಿಂಗಳಿಗೆ 12,000 ರೂಪಾಯಿ ಮನೆ ಬಾಡಿಗೆ ಬರುತ್ತದೆ. ದುಬೈನಲ್ಲಿ ಸಂಬಳದ ಅಕೌಂಟ್, ಒಂದು ಎಫ್‌ಡಿ ಇವೆ. ಏನು ಮಾಡಲಿ?

ಉತ್ತರ: ಮೊದಲು ಉಳಿತಾಯದ ಭಯ ಬಿಡಿ. ಎನ್‌ಆರ್‌ಐ ಆಗಿದ್ದಾಗ ಅಲ್ಲಿ ದುಡಿದು ಅಲ್ಲೇ ಪಡೆದ ಹಣವನ್ನು ಈಗ ಊರಿಗೆ ತಂದರೆ ಅದು ಹೊಸ ಆದಾಯ ಅಲ್ಲ. ತೆರಿಗೆ ಇಲ್ಲ. ಆದರೆ ಒಂದು ಎಚ್ಚರ ಇರಲಿ: ಕೊನೆಯ ಸಂಬಳ, ಗ್ರಾಚ್ಯುಟಿ ಎರಡನ್ನೂ ದುಬೈ ಅಕೌಂಟಿಗೇ ಹಾಕಿಸಿಕೊಳ್ಳಿ, ಆಮೇಲೆ ಇಲ್ಲಿಗೆ ಕಳಿಸಿ. ಹಣ ಮೊದಲು ಕೈಗೆ ಸಿಕ್ಕಿದ್ದು ಎಲ್ಲಿ ಅನ್ನುವುದನ್ನು ಕಾನೂನು ನೋಡುತ್ತದೆ.

ಇನ್ನು ಅಕ್ಟೋಬರ್ ಮಾತು. ನಿಮ್ಮ ಗೆಳೆಯರು ಹೇಳಿದ್ದು ಅರ್ಧ ಸರಿ. ಏಪ್ರಿಲ್ 1ರಿಂದ ಮಾರ್ಚ್ 31ರ ಒಳಗೆ ಭಾರತದಲ್ಲಿ 182 ದಿನ ಇದ್ದರೆ ನೀವು ಇಲ್ಲಿನ ನಿವಾಸಿ. ಆ 182 ಒಂದೇ ಸಲ ಬಂದಿದ್ದಲ್ಲ, ವರ್ಷದ ಎಲ್ಲ ದಿನಗಳನ್ನೂ ಕೂಡಿಸಬೇಕು. ನವೆಂಬರ್ 10ರಿಂದ ಮಾರ್ಚ್ 31ಕ್ಕೆ 142 ದಿನ. ಅಮ್ಮನ ಜೊತೆ ಕಳೆದ 50 ದಿನ ಸೇರಿಸಿ. 192 ಆಯಿತು, ಅಲ್ವಾ? ಅಂದರೆ 2026-27ಕ್ಕೇ ನೀವು ನಿವಾಸಿ. 60 ದಿನದ ಇನ್ನೊಂದು ನಿಯಮವೂ ಇದೆ, ಆದರೆ ಅದು ತಾಗಲು ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿ ಇದ್ದಿರಬೇಕು, ನಿಮ್ಮದು 160ರ ಆಸುಪಾಸು. ಭಾರತದ ಆದಾಯ 15 ಲಕ್ಷ ದಾಟುವವರಿಗೆ ಬೇರೆ ಬಿಗಿ ನಿಯಮಗಳಿವೆ. ಬರೀ ಈ ಬಾಡಿಗೆ ಆದರೆ ನೀವು ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಆದರೂ ದಿನಗಳ ಲೆಕ್ಕ ಹಳೆಯದೇ.

ನಿವಾಸಿ ಆದ ತಕ್ಷಣ ದುಬೈ ಸಂಬಳಕ್ಕೆ ತೆರಿಗೆ ಬೀಳುತ್ತಾ? ಇಲ್ಲ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಎನ್‌ಆರ್‌ಐ ಆಗಿದ್ದವರನ್ನು, ಅಥವಾ ಹಿಂದಿನ 7 ವರ್ಷಗಳಲ್ಲಿ ಒಟ್ಟು 729 ದಿನ ಮೀರದಂತೆ ಇಲ್ಲಿ ಇದ್ದವರನ್ನು ಕಾನೂನು ಬೇರೆಯಾಗಿ ನೋಡುತ್ತದೆ. ಸಿಎಗಳು ಇದನ್ನು ಆರ್‌ಎನ್‌ಒಆರ್ ಅನ್ನುತ್ತಾರೆ, ಅಂದರೆ ನಿವಾಸಿ ಹೌದು, ಆದರೆ ಪೂರ್ತಿ ನಿವಾಸಿ ಅಲ್ಲ. ಈ ಅವಧಿಯಲ್ಲಿ ಹೊರದೇಶದ ಸಂಬಳ, ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ದುಬೈ ಅಕೌಂಟಿನ ವಿವರವನ್ನು ರಿಟರ್ನ್ಸ್‌ನಲ್ಲಿ ಕೊಡುವ ಕಡ್ಡಾಯವೂ ಇಲ್ಲ.

ಈ ರಿಯಾಯಿತಿ ಎಷ್ಟು ವರ್ಷ ಸಿಗುತ್ತದೆ ಅನ್ನುವುದು ನಿಮ್ಮ ಟಿಕೆಟ್ ತಾರೀಕಿನ ಮೇಲೆ ನಿಂತಿದೆ. ನವೆಂಬರ್ 10ಕ್ಕೆ ಬಂದರೆ 2026-27 ಮತ್ತು 2027-28 ಆರ್‌ಎನ್‌ಒಆರ್, 2028ರ ಏಪ್ರಿಲ್‌ನಿಂದ ಪೂರ್ತಿ ನಿವಾಸಿ, ಆಮೇಲೆ ಎಲ್ಲ ದೇಶದ ಆದಾಯಕ್ಕೂ ಇಲ್ಲೇ ತೆರಿಗೆ. ನವೆಂಬರ್ 21 ಅಥವಾ ಆಮೇಲೆ ಬಂದರೆ ಒಟ್ಟು 181 ದಿನ ದಾಟುವುದಿಲ್ಲ. ಈ ವರ್ಷ ಎನ್‌ಆರ್‌ಐ ಆಗಿ ಉಳಿಯುತ್ತೀರಿ, ಮುಂದಿನ ಎರಡು ವರ್ಷ ಆರ್‌ಎನ್‌ಒಆರ್, ಪೂರ್ತಿ ನಿವಾಸಿ ಆಗುವುದು 2029ರ ಏಪ್ರಿಲ್‌ಗೆ. ಹನ್ನೊಂದು ದಿನಕ್ಕೆ ಒಂದು ಪೂರ್ತಿ ವರ್ಷ! ಬಂದ ದಿನ, ಹೊರಟ ದಿನ ಎರಡನ್ನೂ ಸೇರಿಸಿಯೇ ಎಣಿಸಿ. ಸ್ವಲ್ಪ ಅಂತರ ಇಟ್ಟುಕೊಂಡು 25ಕ್ಕೆ ಬಂದರೆ ಇನ್ನೂ ಒಳ್ಳೆಯದು. ಆದರೆ ಅಮ್ಮನ ಆರೋಗ್ಯ ಹೇಗಿದೆ ಅಂತ ನೀವು ಬರೆದಿಲ್ಲ. ಅವರಿಗೆ ನೀವು ಬೇಕಾಗಿದ್ದರೆ 10ಕ್ಕೇ ಬನ್ನಿ, ಒಂದು ವರ್ಷದ ಬಡ್ಡಿಯ ತೆರಿಗೆಗೋಸ್ಕರ ಅಲ್ಲಿ ಕೂರಬೇಡಿ.

ನನಗೆ ನಿಜವಾಗಿ ಚಿಂತೆ ಇರುವುದು ನಿಮ್ಮ ಎನ್‌ಆರ್‌ಇ ಎಫ್‌ಡಿ ಬಗ್ಗೆ. ಜಾಸ್ತಿ ಜನ ಎಡವುವುದು ಇಲ್ಲೇ. ಆರ್‌ಎನ್‌ಒಆರ್ ಇದ್ದೇವಲ್ಲ, ಎನ್‌ಆರ್‌ಇ ಬಡ್ಡಿಗೂ ತೆರಿಗೆ ಇಲ್ಲ ಅಂದುಕೊಂಡು ಸುಮ್ನೆ ಇದ್ದುಬಿಡುತ್ತಾರೆ. ಆ ವಿನಾಯಿತಿ ನೋಡುವುದು ತೆರಿಗೆ ಕಾನೂನಿನ ದಿನಗಳ ಲೆಕ್ಕವನ್ನಲ್ಲ, ಫೆಮಾ ಅನ್ನುವ ವಿದೇಶಿ ವಿನಿಮಯದ ಕಾನೂನನ್ನು, ಮತ್ತು ಫೆಮಾದಲ್ಲಿ ನೀವು ಇಲ್ಲೇ ನೆಲೆಸುವುದಕ್ಕೆ ಅಂತ ಬಂದ ದಿನದಿಂದಲೇ ನಿವಾಸಿ, 182 ದಿನ ಕಾಯುವ ಮಾತೇ ಇಲ್ಲ. ಹಾಗಾಗಿ ಆ ವಿನಾಯಿತಿ ಅಂದಿನಿಂದಲೇ ನಿಲ್ಲುತ್ತದೆ. ಬಂದ ಕೂಡಲೇ ಬ್ಯಾಂಕಿಗೆ ಹೋಗಿ ತಿಳಿಸಿ, ಎನ್‌ಆರ್‌ಇ ಖಾತೆಯನ್ನು ಸಾಮಾನ್ಯ ಖಾತೆಗೋ ಆರ್‌ಎಫ್‌ಸಿ ಖಾತೆಗೋ (ವಾಪಸ್ ಬಂದವರು ವಿದೇಶಿ ಕರೆನ್ಸಿ ಇಡುವ ಖಾತೆ) ಬದಲಾಯಿಸಿ. ಹಣ ವಿದೇಶಿ ಕರೆನ್ಸಿಯಲ್ಲೇ ಇರಲಿ ಅಂದರೆ ಆರ್‌ಎಫ್‌ಸಿ ಒಳ್ಳೆಯದು, ಆರ್‌ಎನ್‌ಒಆರ್ ಇರುವಷ್ಟು ಕಾಲ ಅದರ ಬಡ್ಡಿಗೆ ತೆರಿಗೆ ಇಲ್ಲ. ಎಫ್‌ಸಿಎನ್‌ಆರ್ ಠೇವಣಿಯನ್ನು ಅವಧಿ ಮುಗಿಯುವವರೆಗೆ ಮುಟ್ಟಬೇಡಿ, ಆರ್‌ಎನ್‌ಒಆರ್ ಇರುವವರೆಗೆ ಅದಕ್ಕೂ ಇದೇ ವಿನಾಯಿತಿ.

ದುಬೈ ಎಫ್‌ಡಿ ಹಾಗೇ ಇಟ್ಟುಕೊಳ್ಳಬಹುದು, ಕಾನೂನು ಬೇಡ ಅನ್ನುವುದಿಲ್ಲ. ಪೂರ್ತಿ ನಿವಾಸಿ ಆದ ವರ್ಷದಿಂದ ಮಾತ್ರ ಅದನ್ನೂ, ನೂರು ದಿರ್ಹಮ್ ಉಳಿದ ಹಳೆ ಸಂಬಳದ ಅಕೌಂಟನ್ನೂ ರಿಟರ್ನ್ಸ್‌ನಲ್ಲಿ ಬರೆಯಲೇಬೇಕು. ಬಿಟ್ಟರೆ 10 ಲಕ್ಷ ದಂಡ ಹಾಕುವ ಅವಕಾಶ ಕಪ್ಪುಹಣ ಕಾಯ್ದೆಯಲ್ಲಿದೆ. ಮನೆ, ಜಾಗ ಬಿಟ್ಟು ಹೊರದೇಶದ ಒಟ್ಟು ಆಸ್ತಿ 20 ಲಕ್ಷದ ಒಳಗಿದ್ದರೆ 2024ರ ಅಕ್ಟೋಬರ್‌ನಿಂದ ಆ ದಂಡ ಇಲ್ಲ, ಆದರೂ ಬರೆಯದೆ ಬಿಡಬೇಡಿ. ಬೇಡದ ಅಕೌಂಟನ್ನು ಅಲ್ಲಿಂದ ಹೊರಡುವ ಮುಂಚೆಯೇ ಮುಚ್ಚಿಬಿಡಿ.

ಮತ್ತೆ, ಹಳೆ ಪಾಸ್‌ಪೋರ್ಟ್‌ಗಳನ್ನು ಎಸೆಯಬೇಡಿ. ಹತ್ತು ವರ್ಷದ ಹೋಗಿ ಬಂದ ತಾರೀಕುಗಳಿಗೆ ಅವೇ ಸಾಕ್ಷಿ. ಒಂದು ಹಾಳೆಯಲ್ಲಿ ಆ ತಾರೀಕುಗಳನ್ನೆಲ್ಲ ಬರೆದುಕೊಂಡು, ಟಿಕೆಟ್ ಮಾಡುವ ಮುಂಚೆ ಒಬ್ಬ ಸಿಎಗೆ ತೋರಿಸಿ.