ಆಡಿಯೊ ಸಂಭಾಷಣೆ ಕೇಳಿ ಜರ್ಮನ್ ಕಲಿಯಬಹುದೇ?

ಪುಸ್ತಕ ಓದಿದರೆ ಅರ್ಥವಾಗುತ್ತದೆ, ಆಡಿಯೊ ಹಾಕಿದರೆ ತಲೆಬುಡ ತಿಳಿಯುವುದಿಲ್ಲ, ಇನ್ನೂ ಕೇಳುತ್ತಿದ್ದರೆ ಪ್ರಯೋಜನವಿದೆಯೇ ಎಂದು ಕೇಳಿದ್ದೀರಿ. ಖಂಡಿತ ಇದೆ. ಆದರೆ ಪಾತ್ರೆ ತೊಳೆಯುತ್ತಾ ಕೇಳಿದರೆ ಏನೂ ತಲೆಗೆ ಹತ್ತುವುದಿಲ್ಲ (ಅನುಭವದ ಮಾತು).

ಎರಡು ನಿಮಿಷದ ಒಂದೇ ಸಂಭಾಷಣೆ ಹಿಡಿದುಕೊಳ್ಳಿ. ಪಠ್ಯ ನೋಡದೆ ಎರಡು ಸಲ ಕೇಳಿ. ಆಮೇಲೆ ವಾಕ್ಯ ವಾಕ್ಯಕ್ಕೂ ನಿಲ್ಲಿಸಿ, ಕಿವಿಗೆ ಬಿದ್ದದ್ದನ್ನು ಬರೆದು ಪಠ್ಯದ ಜೊತೆ ತಾಳೆ ನೋಡಿ. ಎಲ್ಲಿ ಎಡವುತ್ತೀರಿ ಎಂಬುದು ಆಗ ಗೊತ್ತಾಗುತ್ತದೆ. ಉದಾಹರಣೆಗೆ, 'ಟಾಗ್' (ದಿನ) ಎಂದು ಬರೆದದ್ದನ್ನು 'ಟಾಕ್' ಎನ್ನುತ್ತಾರೆ. 35ನ್ನು 'ಐದು ಮತ್ತು ಮೂವತ್ತು' ಎನ್ನುತ್ತಾರೆ. ಫೋನ್ ನಂಬರ್ ಬರೆದುಕೊಳ್ಳುವಾಗ ನಾನು ಎಷ್ಟೋ ಸಲ 53 ಎಂದು ಗೀಚಿದ್ದೇನೆ.

'ಇಶ್ ರೂಫೆ ಡಿಶ್ ಮೋರ್ಗನ್ ಆನ್' ಎಂದರೆ 'ನಾಳೆ ನಿನಗೆ ಫೋನ್ ಮಾಡುತ್ತೇನೆ'. ಕೊನೆಯ 'ಆನ್' ಕ್ರಿಯಾಪದದ್ದೇ ತುಂಡು, ಅದು ತಪ್ಪಿದರೆ ಉಳಿಯುವುದು ಬರೀ 'ಕರೆಯುತ್ತೇನೆ'. ಕ್ರಿಯಾಪದಕ್ಕಾಗಿ ವಾಕ್ಯದ ತುದಿಯವರೆಗೆ ಕಾಯುವುದು ಕನ್ನಡಿಗರಿಗೆ ಹೊಸದೇನಲ್ಲ ಬಿಡಿ.

ಜರ್ಮನಿಯ ಪ್ರಸಾರ ಸಂಸ್ಥೆ ದೊಯ್ಚೆ ವೆಲೆಯಲ್ಲಿ ನಿಧಾನವಾಗಿ ಓದಿದ ಸುದ್ದಿ ಪಠ್ಯಸಮೇತ ಉಚಿತವಾಗಿ ಸಿಗುತ್ತದೆ. ಹೊಸಬರಿಗೆ ಅದು ಕಷ್ಟ, ಬಿ1 (ಭಾಷಾಕಲಿಕೆಯ ಮಧ್ಯಮ ಹಂತ) ದಾಟಿದ ಮೇಲೆ ಕೈಹಾಕಿ.