ಮಿಂಟ್ ಹಾಕಿದೆ, ವೈಫೈ ಬರುತ್ತಿಲ್ಲ. ಬೇರೆ ಡಿಸ್ಟ್ರೋ ಹಾಕಲಾ?

ನಿಮ್ಮ ಪ್ರಶ್ನೆ ಓದಿದೆ. ಐದು ವರ್ಷದ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಬೇಕು ಅಂತ ಮೂರು ವಾರ ಓದಿದ್ದೀರಿ. ಉಬುಂಟು, ಮಿಂಟ್, ಫೆಡೋರಾ, ಆರ್ಚ್ ಅಂತ ಒಬ್ಬೊಬ್ಬರು ಒಂದೊಂದು ಡಿಸ್ಟ್ರೋ, ಅಂದರೆ ಲಿನಕ್ಸ್‌ನ ಒಂದೊಂದು ರೂಪ, ಹೇಳಿದ್ದಾರೆ. ಕೊನೆಗೆ ಧೈರ್ಯ ಮಾಡಿ ಮಿಂಟ್ ಹಾಕಿದಿರಿ, ವೈಫೈ ಬರಲಿಲ್ಲ. ಈಗ ಅದನ್ನು ಅಳಿಸಿ ಬೇರೆ ಡಿಸ್ಟ್ರೋ ಹಾಕಲಾ ಅಂತ ಕೇಳಿದ್ದೀರಿ.

ಬೇಡ. ಈಗಲೇ ಅಳಿಸಬೇಡಿ. ಒಂದು ಹತ್ತು ನಿಮಿಷ ತಡೆಯಿರಿ, ಮೊದಲು ಒಳಗೆ ಯಾವ ಚಿಪ್ ಇದೆ ಅಂತ ನೋಡೋಣ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಮೊದಲ ಸಲ ಲಿನಕ್ಸ್ ಹಾಕಿದಾಗಲೂ ಹೀಗೇ ಆಯಿತು. ಪರದೆಯ ಮೂಲೆಯಲ್ಲಿ ವೈಫೈ ಗುರುತೇ ಇರಲಿಲ್ಲ. ಡಿಸ್ಟ್ರೋ ಸರಿಯಿಲ್ಲ ಅಂದುಕೊಂಡು ಎರಡು ದಿನದಲ್ಲಿ ಮೂರು ಡಿಸ್ಟ್ರೋ ಹಾಕಿ ತೆಗೆದೆ. ಮೂರರಲ್ಲೂ ಅದೇ ಕಥೆ. ನಾಲ್ಕನೆಯದರಲ್ಲಿ ವೈಫೈ ತಾನಾಗೇ ಬಂತು. ಆಮೇಲೆ ಎಷ್ಟೋ ತಿಂಗಳು ಕೇಳಿದವರಿಗೆಲ್ಲ ಅದನ್ನೇ ಹಾಕಿ ಅನ್ನುತ್ತಿದ್ದೆ. ನಿಜವಾದ ಕಾರಣ ಗೊತ್ತಾಗಿದ್ದು ತುಂಬ ತಡವಾಗಿ. ನನ್ನದು ಆಗ ಹೊಚ್ಚ ಹೊಸ ಲ್ಯಾಪ್‌ಟಾಪ್. ಮೊದಲ ಮೂರರಲ್ಲಿದ್ದ ಕರ್ನಲ್, ಅಂದರೆ ಹಾರ್ಡ್‌ವೇರನ್ನು ನಡೆಸುವ ಲಿನಕ್ಸ್‌ನ ತಿರುಳು, ಹಳೆಯದು. ಆ ವೈಫೈ ಚಿಪ್ಪನ್ನು ಓಡಿಸುವ ಪ್ರೋಗ್ರಾಂ, ಅಂದರೆ ಡ್ರೈವರ್, ಇನ್ನೂ ಅದಕ್ಕೆ ಸೇರಿರಲಿಲ್ಲ. ನಾಲ್ಕನೆಯದರಲ್ಲಿ ಕರ್ನಲ್ ಹೊಸದಿತ್ತು, ಅಷ್ಟೇ. ಮೊದಲು ಹಾಕಿದ್ದರಲ್ಲೇ ಕರ್ನಲ್ ಒಂದನ್ನು ಅಪ್‌ಡೇಟ್ ಮಾಡಿದ್ದರೆ ಸಾಕಿತ್ತು.

ಈ ವಿಷಯ ಮೊದಲೇ ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ ಕರ್ನಲ್ಲೇ ಎಲ್ಲ ಡಿಸ್ಟ್ರೋಗಳ ಹೊಟ್ಟೆಯಲ್ಲೂ ಇರುವುದು. ವಿಂಡೋಸ್‌ನಲ್ಲಿ ಡ್ರೈವರ್ ಬೇಕಾದರೆ ಕಂಪನಿಯ ವೆಬ್‌ಸೈಟಿಗೆ ಹೋಗಿ ಇಳಿಸಿಕೊಂಡು ನಮಗೆ ರೂಢಿ. ಲಿನಕ್ಸ್‌ನಲ್ಲಿ ಬಹುಪಾಲು ಡ್ರೈವರ್‌ಗಳು ಕರ್ನಲ್ ಜೊತೆಗೇ ಬರುತ್ತವೆ. ಹಾಗಾಗಿ ಹಾರ್ಡ್‌ವೇರ್ ಓಡುವುದು ಬಿಡುವುದು ಮೂರು ವಿಷಯದ ಮೇಲೆ ನಿಂತಿದೆ. ಕರ್ನಲ್ ಎಷ್ಟು ಹೊಸದು, ಚಿಪ್‌ಗೆ ಬೇಕಾದ ಫರ್ಮ್‌ವೇರ್ ಫೈಲ್ ಜೊತೆಯಲ್ಲಿದೆಯಾ, ಮತ್ತು ಸೋರ್ಸ್ ತೆರೆದಿಡದ ಡ್ರೈವರ್‌ಗಳನ್ನು ಆ ಡಿಸ್ಟ್ರೋ ಸುಲಭವಾಗಿ ಕೊಡುತ್ತದಾ. ಡೆಸ್ಕ್‌ಟಾಪ್ ಹೇಗೆ ಕಾಣುತ್ತದೆ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಫರ್ಮ್‌ವೇರ್ ಅಂದರೆ ಚಿಪ್‌ನ ಒಳಗೇ ಓಡುವ ಚಿಕ್ಕ ಪ್ರೋಗ್ರಾಂ. ಕಂಪ್ಯೂಟರ್ ಶುರುವಾಗುವಾಗ ಡ್ರೈವರ್ ಅದನ್ನು ಡಿಸ್ಕ್‌ನಿಂದ ಎತ್ತಿ ಚಿಪ್‌ಗೆ ತುಂಬುತ್ತದೆ. ಡ್ರೈವರ್ ಇದ್ದೂ ಆ ಫೈಲ್ ಇಲ್ಲದಿದ್ದರೆ ವೈಫೈ ಏಳುವುದಿಲ್ಲ. ಡೆಬಿಯನ್‌ನಲ್ಲಿ ವೈಫೈ ಕಷ್ಟ ಅಂತ ಹಳೆಯ ಬರಹಗಳಲ್ಲಿ ನೀವು ಓದಿರಬಹುದು. ಆಗ ಅದು ನಿಜ. ಇಂಥ ಫೈಲ್‌ಗಳನ್ನು ಅವರು ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಸೇರಿಸುತ್ತಿರಲಿಲ್ಲ. 2022ರಲ್ಲಿ ಡೆಬಿಯನ್ ಡೆವಲಪರ್‌ಗಳು ಮತ ಹಾಕಿ ಸೇರಿಸಲು ತೀರ್ಮಾನಿಸಿದರು. 2023ರ ಡೆಬಿಯನ್ 12ರಿಂದ ಅವು ಜೊತೆಗೇ ಬರುತ್ತಿವೆ. ಅದಕ್ಕೇ ಲಿನಕ್ಸ್ ಬಗ್ಗೆ ಏನು ಓದಿದರೂ ಅದನ್ನು ಬರೆದ ವರ್ಷ ಯಾವುದು ಅಂತ ಮೊದಲು ನೋಡಿ.

ಈಗ ನಿಮ್ಮ ಲ್ಯಾಪ್‌ಟಾಪ್‌ಗೆ ಬರೋಣ. ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆರೆಯಿರಿ. ಎಲ್‌ಎಸ್‌ಪಿಸಿಐ ಅಂತ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಒಂದೇ ಪದವಾಗಿ ಟೈಪ್ ಮಾಡಿ. ಒಂದು ಸ್ಪೇಸ್ ಬಿಟ್ಟು ಅಡ್ಡಗೆರೆ ಹಾಕಿ. ಗೆರೆಗೆ ಅಂಟಿಕೊಂಡಂತೆ ಎನ್‌ಎನ್‌ಕೆ ಅಂತ ಹಾಕಿ ಎಂಟರ್ ಒತ್ತಿ. ಉದ್ದಕ್ಕೆ ಪಟ್ಟಿ ಬರುತ್ತದೆ, ಹೆದರಬೇಡಿ. ಅದರಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಅನ್ನುವ ಸಾಲು ಹುಡುಕಿ. ಆ ಸಾಲಿನ ಕೊನೆಗೆ ಚೌಕ ಕಂಸದೊಳಗೆ ನಾಲ್ಕು ಅಕ್ಷರ, ಒಂದು ಕೋಲನ್, ಮತ್ತೆ ನಾಲ್ಕು ಅಕ್ಷರ ಇರುತ್ತವೆ. ಮೊದಲ ನಾಲ್ಕು ಅಕ್ಷರ ಚಿಪ್ ಮಾಡಿದವರ ಗುರುತು. 8086 ಇದ್ದರೆ ಇಂಟೆಲ್, 10ಇಸಿ ಇದ್ದರೆ ರಿಯಲ್‌ಟೆಕ್, 14ಇ4 ಇದ್ದರೆ ಬ್ರಾಡ್‌ಕಾಮ್, 14ಸಿ3 ಇದ್ದರೆ ಮೀಡಿಯಾಟೆಕ್. ಲ್ಯಾಪ್‌ಟಾಪ್ ಮೇಲೆ ಯಾವ ಕಂಪನಿಯ ಹೆಸರಿದ್ದರೂ ಒಳಗಿನ ಚಿಪ್ ಇಂಥವರದೇ. ಒಂದೇ ಮಾಡೆಲ್ ಲ್ಯಾಪ್‌ಟಾಪ್‌ನಲ್ಲೇ ಒಬ್ಬರಿಗೆ ಒಂದು ಚಿಪ್, ಇನ್ನೊಬ್ಬರಿಗೆ ಇನ್ನೊಂದು ಬಂದಿರುವುದೂ ಉಂಟು. ಅದಕ್ಕೇ ಲ್ಯಾಪ್‌ಟಾಪ್ ಮಾಡೆಲ್ ಹಾಕಿ ಹುಡುಕುವುದಕ್ಕಿಂತ ಈ ಎಂಟು ಅಕ್ಷರ ಹಾಕಿ ಹುಡುಕಿದರೆ ಸರಿಯಾದ ಉತ್ತರ ಬೇಗ ಸಿಗುತ್ತದೆ.

ಆ ಸಾಲಿನ ಕೆಳಗೇ, ಸ್ವಲ್ಪ ಒಳಗೆ ಸರಿದಂತೆ, ಕರ್ನಲ್ ಡ್ರೈವರ್ ಇನ್ ಯೂಸ್ ಅಂತ ಇದೆಯಾ ನೋಡಿ. ಇದೇ ಮುಖ್ಯ.

ಇದ್ದರೆ ಡ್ರೈವರ್ ಚಿಪ್ಪನ್ನು ಹಿಡಿದುಕೊಂಡಿದೆ, ತೊಂದರೆ ಇನ್ನೆಲ್ಲೋ ಇದೆ ಅಂತ ಅರ್ಥ. ಅದೇ ಟರ್ಮಿನಲ್‌ನಲ್ಲಿ ಆರ್‌ಎಫ್‌ಕಿಲ್ ಲಿಸ್ಟ್ (rfkill list) ಅಂತ ಕೊಟ್ಟು ನೋಡಿ. ಹಾರ್ಡ್ ಬ್ಲಾಕ್ಡ್ ಮುಂದೆ ಯೆಸ್ ಅಂತಿದ್ದರೆ ವೈಫೈ ಸ್ವಿಚ್ಚೇ ಆಫ್ ಆಗಿದೆ. ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಆಂಟೆನಾ ಅಥವಾ ವಿಮಾನದ ಚಿತ್ರ ಇರುವ ಕೀ ಒತ್ತಿ. ಬ್ಲಾಕ್ ಏನೂ ಇಲ್ಲದಿದ್ದರೆ ಪೂರ್ಣ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸುಡೋ ಜೊತೆ ಡಿಎಂಇಎಸ್‌ಜಿ (sudo dmesg) ಅಂತ ಕೊಡಿ, ಕರ್ನಲ್‌ನ ಲಾಗ್, ಅಂದರೆ ನಡೆದದ್ದರ ದಾಖಲೆ, ಬರುತ್ತದೆ. ಅದರಲ್ಲಿ ಫರ್ಮ್‌ವೇರ್ ಲೋಡ್ ಆಗಲಿಲ್ಲ ಅನ್ನುವ ಸಾಲು ಇದ್ದರೆ ಕಾಣೆಯಾದ ಫೈಲಿನ ಹೆಸರನ್ನೂ ಅದೇ ಹೇಳುತ್ತದೆ.

ಆ ಡ್ರೈವರ್ ಸಾಲೇ ಇಲ್ಲದಿದ್ದರೆ ಎರಡು ಸಾಧ್ಯತೆ. ಕರ್ನಲ್ ಹಳೆಯದು, ಇಲ್ಲವೇ ಆ ಚಿಪ್‌ಗೆ ಬೇರೆ ಡ್ರೈವರ್ ಬೇಕು. ನಿಮ್ಮದು ಐದು ವರ್ಷದ್ದು ಅಂದಿರಿ, ಹಾಗಾಗಿ ಎರಡನೆಯದೇ ಇರಬಹುದು ಅಂತ ನನಗನ್ನಿಸುತ್ತದೆ. ಬ್ರಾಡ್‌ಕಾಮ್‌ನ ಹಲವು ಚಿಪ್‌ಗಳು ಹೀಗೇ. ಅವುಗಳ ಡ್ರೈವರ್ ಕರ್ನಲ್‌ನಲ್ಲಿ ಇರುವುದಿಲ್ಲ, ಬೇರೆಯಾಗಿ ಹಾಕಬೇಕು.

ಹಾಕಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ವೈಫೈ ಬೇಕು, ಏನು ಮಾಡುವುದು ಅಂತ ಹೊಸಬರು ಇಲ್ಲೇ ಕೈಚೆಲ್ಲುತ್ತಾರೆ. ನಿಮ್ಮ ಮೊಬೈಲ್ ಇದೆಯಲ್ಲ. ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಮೊಬೈಲಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆಂಡ್ರಾಯ್ಡ್ ಫೋನ್ ಆದರೆ ಯಾವ ಡ್ರೈವರ್ ಇಲ್ಲದೆಯೂ ನೆಟ್ ಬಂದುಬಿಡುತ್ತದೆ. ಆಮೇಲೆ ಮಿಂಟ್‌ನ ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆಯಿರಿ. ಅದು ತಾನೇ ಹುಡುಕಿ, ಈ ಚಿಪ್‌ಗೆ ಈ ಡ್ರೈವರ್ ಇದೆ ಅಂತ ತೋರಿಸುತ್ತದೆ. ಆರಿಸಿ, ಅಪ್ಲೈ ಒತ್ತಿ, ರೀಸ್ಟಾರ್ಟ್ ಮಾಡಿ.

ಆ ರೀಸ್ಟಾರ್ಟ್ ಹೊತ್ತಿನಲ್ಲಿ ಒಂದು ಸಂಗತಿ ಆಗುತ್ತದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸೆಕ್ಯೂರ್ ಬೂಟ್ (ಶುರುವಾಗುವಾಗ ಸಹಿ ಇರುವ ಪ್ರೋಗ್ರಾಂಗಳನ್ನಷ್ಟೇ ಬಿಡುವ ಭದ್ರತೆ) ಆನ್ ಇದ್ದರೆ ಹೊರಗಿನಿಂದ ಹಾಕಿದ ಡ್ರೈವರ್‌ಗಳನ್ನು ಸಹಿ ಇಲ್ಲದೆ ಕರ್ನಲ್ ಒಳಗೆ ಬಿಡುವುದಿಲ್ಲ. ಅದಕ್ಕೇ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ಅದು ನಿಮ್ಮ ಲಾಗಿನ್ ಪಾಸ್‌ವರ್ಡ್ ಅಲ್ಲ, ಹೊಸದೊಂದು ಕೊಡಬೇಕು. ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದು, ಯಾವುದಾದರೂ ಕೀ ಒತ್ತಿ ಅಂತ ಹತ್ತು ಸೆಕೆಂಡ್ ಕಾಯುತ್ತದೆ. ಒತ್ತದಿದ್ದರೆ ಸುಮ್ನೆ ಮುಂದೆ ಹೋಗಿಬಿಡುತ್ತದೆ, ಡ್ರೈವರ್ ಲೋಡ್ ಆಗುವುದಿಲ್ಲ, ನಿಮಗೆ ಮತ್ತೆ ಅದೇ ವೈಫೈ ಇಲ್ಲದ ಡೆಸ್ಕ್‌ಟಾಪ್. ಕೀ ಒತ್ತಿ, ಎನ್ರೋಲ್ ಮೋಕ್ ಆರಿಸಿ, ಕಂಟಿನ್ಯೂ, ಯೆಸ್, ಬರೆದುಕೊಂಡ ಪಾಸ್‌ವರ್ಡ್, ರೀಬೂಟ್. ಎಲ್ಲ ಸರಿ ಮಾಡಿಯೂ ಈ ಒಂದು ಪರದೆಯಲ್ಲಿ ತಪ್ಪಿಹೋಗಿ ಲಿನಕ್ಸನ್ನೇ ಬಿಟ್ಟವರನ್ನು ನೋಡಿದ್ದೇನೆ. ಎನ್‌ವಿಡಿಯಾ ಗ್ರಾಫಿಕ್ಸ್ ಡ್ರೈವರ್ ಹಾಕುವಾಗಲೂ ಇದೇ ಪರದೆ ಬರುತ್ತದೆ, ನೆನಪಿಡಿ.

ರಿಯಲ್‌ಟೆಕ್ ಆಗಿದ್ದು ಡ್ರೈವರ್ ಮ್ಯಾನೇಜರ್ ಏನೂ ತೋರಿಸದಿದ್ದರೆ ಮೊದಲು ಕರ್ನಲ್ ಅಪ್‌ಡೇಟ್ ಮಾಡಿ. ಅಪ್‌ಡೇಟ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ಲಿನಕ್ಸ್ ಕರ್ನಲ್ಸ್ ಅಂತ ಇದೆ, ಅಲ್ಲಿಂದ ಹೊಸದನ್ನು ಆರಿಸಬಹುದು. ಹಳೆಯ ಕರ್ನಲ್ ಅಳಿಸಿಹೋಗುವುದಿಲ್ಲ. ಹೊಸದು ಕೈಕೊಟ್ಟರೆ ಬೂಟ್ ಮೆನುವಿನಿಂದ ಹಳೆಯದಕ್ಕೇ ಮರಳಬಹುದು. ಯಾರೋ ಗಿಟ್‌ಹಬ್ ಅನ್ನುವ ಕೋಡ್ ಹಂಚುವ ತಾಣದಲ್ಲಿ ಇಟ್ಟ ಡ್ರೈವರ್ ಹಾಕುವುದು ಕೊನೆಯ ದಾರಿ. ಹಾಕಲೇಬೇಕಾದರೆ ಕರ್ನಲ್ ಬದಲಾದಾಗ ಡ್ರೈವರನ್ನು ತಾನೇ ಮತ್ತೆ ಕಟ್ಟಿಕೊಡುವ ಡಿಕೆಎಂಎಸ್ ಮೂಲಕ ಹಾಕಿ. ಇಲ್ಲದಿದ್ದರೆ ಪ್ರತಿ ಸಲ ಕರ್ನಲ್ ಬದಲಾದಾಗಲೂ ವೈಫೈ ಹೋಗುತ್ತದೆ.

ಇದ್ಯಾವುದೂ ಆಗಲಿಲ್ಲ ಅಂದರೆ ವೈಫೈ ಕಾರ್ಡ್ ಬದಲಿಸುವುದೂ ಒಂದು ಮರ್ಯಾದಸ್ಥ ದಾರಿಯೇ. ಬೆಸುಗೆ ಹಾಕಿರದಿದ್ದರೆ ಎರಡು ಸ್ಕ್ರೂ ಬಿಚ್ಚುವಷ್ಟು ಕೆಲಸ. ಇಂಟೆಲ್‌ನ ಎಎಕ್ಸ್200 ಅಥವಾ ಎಎಕ್ಸ್210 ನೋಡಿ. ಎಎಕ್ಸ್201, ಎಎಕ್ಸ್211 ತರಬೇಡಿ. ನೋಡಲು ಒಂದೇ ಥರ ಇರುತ್ತವೆ, ಆದರೆ ಅವು ಅದಕ್ಕೆ ಹೊಂದುವ ಇಂಟೆಲ್ ಪ್ರೊಸೆಸರ್ ಇದ್ದರೆ ಮಾತ್ರ ಓಡುವಂಥವು.

ಇನ್ನು ಡಿಸ್ಟ್ರೋ ಆಯ್ಕೆ. ನನ್ನ ಲೆಕ್ಕ ತುಂಬ ಸರಳ. ಕಂಪ್ಯೂಟರಿನ ವಯಸ್ಸು ನೋಡಿ ಆರಿಸಿ.

ಎರಡು ವರ್ಷಕ್ಕಿಂತ ಹಳೆಯದಾದರೆ ಮಿಂಟ್. ನೀವು ಆರಿಸಿದ್ದು ಸರಿಯಾಗೇ ಇದೆ. ಅದರ ತಳಹದಿ ಉಬುಂಟುವಿನ ಎಲ್‌ಟಿಎಸ್, ಅಂದರೆ ದೀರ್ಘಕಾಲ ಬೆಂಬಲ ಸಿಗುವ, ಆವೃತ್ತಿ. ಅದು ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ, ಐದು ವರ್ಷ ಅಪ್‌ಡೇಟ್ ಸಿಗುತ್ತದೆ. ಆಗಾಗ ಏನೂ ಬದಲಾಗುವುದಿಲ್ಲ, ಕಲಿಯುವವರಿಗೆ ಇದು ದೊಡ್ಡ ನೆಮ್ಮದಿ. ಉಬುಂಟುಗೆ ಬರೆದ ಬಹುಪಾಲು ಉತ್ತರಗಳು ಮಿಂಟ್‌ಗೂ ಹೊಂದುತ್ತವೆ. ರ‍್ಯಾಮ್ 4 ಜಿಬಿ ಮಾತ್ರ ಇದ್ದರೆ ಸಿನಮನ್ ಡೆಸ್ಕ್‌ಟಾಪ್ ಬದಲು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇರುವ ಆವೃತ್ತಿ ಹಗುರ.

ಕಂಪ್ಯೂಟರ್ ಈ ವರ್ಷದ್ದೇ ಆದರೆ ಫೆಡೋರಾ ಅನ್ನುತ್ತೇನೆ. ಆರು ತಿಂಗಳಿಗೊಂದು ಆವೃತ್ತಿ, ನಡುವೆಯೂ ಹೊಸ ಕರ್ನಲ್ ಬರುತ್ತಲೇ ಇರುತ್ತದೆ. ಆದರೆ ಎನ್‌ವಿಡಿಯಾ ಡ್ರೈವರ್‌ನಂಥವು ಅದರ ಸ್ವಂತ ಸಾಫ್ಟ್‌ವೇರ್ ಭಂಡಾರದಲ್ಲಿ ಇರುವುದಿಲ್ಲ, ಆರ್‌ಪಿಎಂ ಫ್ಯೂಷನ್ ಅನ್ನುವ ಹೊರಗಿನ ಭಂಡಾರದಿಂದ ತರಬೇಕು. ಆರ್ಚ್ ಒಳ್ಳೆಯದೇ, ಅದರ ವಿಕಿಯಂತೂ ಯಾವ ಡಿಸ್ಟ್ರೋದವರಿಗೂ ಉಪಯೋಗ. ಆದರೆ ಅಲ್ಲಿ ಪ್ರತಿಯೊಂದನ್ನೂ ನೀವೇ ಆರಿಸಿ ಜೋಡಿಸಬೇಕು. ಯಾವುದು ಏಕೆ ಬೇಕು ಅಂತ ತಿಳಿದ ಮೇಲೆ ಹೋಗಿ.

ಯಾವುದೇ ಆಗಲಿ, ಮುಂದೆ ಇನ್ನೊಂದು ಕಂಪ್ಯೂಟರ್‌ಗೆ ಹಾಕುವಾಗ ಪೆನ್‌ಡ್ರೈವ್‌ನಿಂದ ಲೈವ್ ಆಗಿ ಓಡಿಸಿ ನೋಡದೆ ಇನ್‌ಸ್ಟಾಲ್ ಒತ್ತಬೇಡಿ. ಡಿಸ್ಕ್‌ನಲ್ಲಿ ಏನೂ ಬದಲಾಗುವುದಿಲ್ಲ, ಅರ್ಧ ಗಂಟೆ ಸಾಕು. ವೈಫೈ ಒಂದನ್ನೇ ನೋಡಿ ಖುಷಿಪಟ್ಟು ಮುಂದೆ ಹೋಗಬೇಡಿ. ಸ್ಪೀಕರ್ ಕೇಳಿ, ಮೈಕ್‌ನಲ್ಲಿ ಮಾತಾಡಿ ರೆಕಾರ್ಡ್ ಮಾಡಿ, ಕ್ಯಾಮೆರಾ ತೆರೆಯಿರಿ, ಬ್ರೈಟ್‌ನೆಸ್ ಕೀ ಒತ್ತಿ ನೋಡಿ. ಎಲ್ಲಕ್ಕಿಂತ ಜಾಸ್ತಿ ಜನ ಮರೆಯುವುದು ಮುಚ್ಚಳ. ಮುಚ್ಚಿ ಎರಡು ನಿಮಿಷ ಬಿಟ್ಟು ತೆರೆಯಿರಿ, ಪರದೆ ಎದ್ದು ಬಂತಾ, ವೈಫೈ ಮತ್ತೆ ಸೇರಿಕೊಂಡಿತಾ ನೋಡಿ. ಬೆರಳಚ್ಚು ಓದುವ ಸಾಧನಗಳಲ್ಲಿ ಹಲವಕ್ಕೆ ಲಿನಕ್ಸ್‌ನಲ್ಲಿ ಡ್ರೈವರ್ ಇಲ್ಲ, ಅದು ಓಡದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದಾಗ ಪರದೆ ಕಪ್ಪಾಗಿ ನಿಂತರೆ ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡ್‌ನ ತಕರಾರು. ಬೂಟ್ ಮೆನುವಿನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ ಒಳಗೆ ಹೋಗಿ, ಡ್ರೈವರ್ ಆಮೇಲೆ ಹಾಕಬಹುದು. ಪ್ರಿಂಟರ್ ಬಗ್ಗೆ ಚಿಂತೆ ಬೇಡ. ಈಗಿನ ನೆಟ್‌ವರ್ಕ್ ಪ್ರಿಂಟರ್‌ಗಳು ಬಹುತೇಕ ತಾವಾಗೇ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ.

ವಿಂಡೋಸ್ ಪಕ್ಕದಲ್ಲೇ ಉಳಿಸಿಕೊಳ್ಳುವುದಾದರೆ ಮೂರು ಮಾತು. ಬಯೋಸ್, ಅಂದರೆ ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್, ಮುಟ್ಟುವ ಮೊದಲು ಬಿಟ್‌ಲಾಕರ್‌ನ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಬೇರೆಡೆ ಬರೆದಿಟ್ಟುಕೊಳ್ಳಿ, ಅದಿಲ್ಲದೆ ಫೈಲ್‌ಗಳು ಕೈತಪ್ಪಿ ಹೋಗಬಹುದು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಅಂದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಕೆಲವು ವೈಫೈ ಚಿಪ್‌ಗಳು ಲಿನಕ್ಸ್‌ಗೆ ಸಿಗದಿರುವುದಕ್ಕೆ ಇದೂ ಕಾರಣ. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿ ಸ್ಟೋರೇಜ್ ರೇಡ್ ಮೋಡ್‌ನಲ್ಲಿ ಇರಬಹುದು. ಅದನ್ನು ಎಎಚ್‌ಸಿಐ ಅನ್ನುವ ಇನ್ನೊಂದು ಮೋಡ್‌ಗೆ ಬದಲಿಸಬೇಕು. ಆದರೆ ದಿಢೀರನೆ ಬದಲಿಸಿದರೆ ವಿಂಡೋಸ್ ಬೂಟ್ ಆಗುವುದಿಲ್ಲ. ಮೊದಲು ವಿಂಡೋಸನ್ನು ಸೇಫ್ ಮೋಡ್‌ಗೆ ಹೊಂದಿಸಿ, ಆಮೇಲೆ ಬಯೋಸ್‌ನಲ್ಲಿ ಬದಲಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ಏಳಲು ಬಿಡಿ.

ಸದ್ಯಕ್ಕೆ ಇದೆಲ್ಲ ಪಕ್ಕಕ್ಕಿಡಿ. ಮೊದಲು ಆ ಕಮಾಂಡ್ ಕೊಟ್ಟು, ನೆಟ್‌ವರ್ಕ್ ಕಂಟ್ರೋಲರ್ ಸಾಲು ಮತ್ತು ಅದರ ಕೆಳಗಿನ ಮೂರು ಸಾಲು ಹಾಗೇ ನಕಲು ಮಾಡಿ ನನಗೆ ತಿಳಿಸಿ. ಆ ಎಂಟು ಅಕ್ಷರ ಸಿಕ್ಕರೆ ನಿಮಗೆ ಬೇಕಾದ ಡ್ರೈವರ್ ಯಾವುದು ಅಂತ ನೋಡಿ ಹೇಳುತ್ತೇನೆ.